ಕಾಡನ್ನು ನುಂಗಿದ ಹೂಗಿಡ

(ಗಿರಣಿ ಕೆಲಸಗಾರರ ಸಭೆಯಲ್ಲಿ ಮಾಡಿದ ಭಾಷಣ)

ಪಾಳಿ ಮುಗಿಸಿ ನೇರವಾಗಿ ಇಲ್ಲಿಗೆ ಬಂದಿದ್ದೀರಿ. ಅಂಗಡಿಗೆ ಬೀಗ ಹಾಕಿ ಬಂದ ವ್ಯಾಪಾರಿ ಮಿತ್ರರೂ ಇದ್ದಾರೆ. ಕೂಲಿ, ಬೋನಸ್ಸು, ತೆರಿಗೆಯ ಮಾತು ಬಿಟ್ಟು ಕಾಡಿನ ಗಿಡದ ಮಾತೇಕೆ ಎಂದು ನೀವು ಕೇಳಬಹುದು. ಕೇಳಲೇಬೇಕು. ನಮ್ಮ ಉತ್ತರವನ್ನು ಕೇಳಿ, ಆಮೇಲೆ ತೀರ್ಮಾನಿಸಿ.

ಗಿರಣಿಯ ಗೋಡೆ ಪಕ್ಕದಲ್ಲಿ ಬೆಳೆಯುವ ಬಿಳಿ ಹೂವಿನ ಕಳೆಯನ್ನು ನಾವೆಲ್ಲ ಬಲ್ಲೆವು. ಅದನ್ನು ಕಾಂಗ್ರೆಸ್ ಗಿಡ ಎನ್ನುತ್ತೇವೆ. ಆ ಹೆಸರು ನಮ್ಮ ಪಕ್ಷ ಇಟ್ಟದ್ದಲ್ಲ, ಜನ ಇಟ್ಟದ್ದು! ಅದು ಊರನ್ನು ಹಿಡಿದ ಕಳೆ. ಕಾಡನ್ನು ಹಿಡಿದ ಕಳೆ ಇನ್ನೊಂದಿದೆ. ಅದರ ಹೆಸರು ಲಂಟಾನ.

ಅಮೆರಿಕ ಖಂಡದ ಬಿಸಿನಾಡುಗಳು ಇದರ ತವರು. 19ನೇ ಶತಮಾನದ ಆರಂಭದಲ್ಲಿ ಇಂಗ್ಲಿಷರು ಚೆಂದದ ಹೂವೆಂದು ಇದನ್ನು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ತಂದರು. ತೋಟದಿಂದ ಬೇಲಿಗೆ, ಬೇಲಿಯಿಂದ ಕಾಡಿಗೆ ಹಬ್ಬಿತು. ಕಪ್ಪು ಹಣ್ಣನ್ನು ಹಕ್ಕಿಗಳು ತಿಂದು ಬೀಜವನ್ನು ದೂರ ದೂರ ಬಿತ್ತುತ್ತವೆ. ಎಲೆ ದನಕರುಗಳಿಗೆ ವಿಷ. ಮೇಲೆ ಮೇಲೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಪೊದೆ ದಟ್ಟವಾದ ಕಡೆ ಹುಲ್ಲು ಬೆಳೆಯದು, ಮರದ ಸಸಿ ಮೇಲೇಳದು. ಒಳಗೆ ಮೇವು ಕಾಣದ ಪ್ರಾಣಿ ಕಾಡಂಚಿನ ಬಡ ರೈತನ ಹೊಲದ ಕಡೆ ಮುಖ ಮಾಡಿದರೆ ಅಚ್ಚರಿಯೇನು?

ಒಂದು ಕಾಡಿನ ಲೆಕ್ಕವನ್ನು ನಿಮ್ಮ ಮುಂದಿಡುತ್ತೇವೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಜೀವಿಧಾಮವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅಲ್ಲಿ ಸಂಶೋಧಕರು ಕಾಡಿನುದ್ದಕ್ಕೂ ತುಂಡು ನೆಲಗಳನ್ನು ಗುರುತು ಮಾಡಿ ಗಿಡಗಳನ್ನು ಎಣಿಸಿದರು. 1997ರಲ್ಲಿ ನೂರಕ್ಕೆ 41 ಕಡೆ ಲಂಟಾನ ಇತ್ತು. 2008ರಲ್ಲಿ ನೂರಕ್ಕೆ 81 ಕಡೆ. ಕಾನೂನಿನ ಕಾವಲು ಇದ್ದ ಕಾಡಿನಲ್ಲಿ, ಹನ್ನೊಂದೇ ವರ್ಷದಲ್ಲಿ ಇದು ನಡೆದುಹೋಯಿತು.

ಹೀಗೇಕಾಯಿತು? ಆ ಬೆಟ್ಟದಲ್ಲಿ ತಲೆತಲಾಂತರದಿಂದ ಬಾಳಿದ ಸೋಲಿಗರನ್ನು ಕೇಳಿದರೆ ಅವರು ತರಗು ಬೆಂಕಿಯ ಮಾತೆತ್ತುತ್ತಾರೆ. ಬೇಸಗೆ ಬಲಿಯುವ ಮುಂಚೆ, ಉದುರಿದ ತರಗೆಲೆಗೆ ಅವರು ಸಣ್ಣ ಬೆಂಕಿ ಹಾಕುತ್ತಿದ್ದರು. ಅದು ನೆಲದ ಮೇಲೆ ತೆವಳಿ ಹೋಗುವ ಬೆಂಕಿ, ಮರದ ನೆತ್ತಿಗೆ ಏರುವಂಥದಲ್ಲ. ಲಂಟಾನದ ಎಳೆಯ ಸಸಿ ಸುಡುತ್ತಿತ್ತು, ಮಳೆ ಬಿದ್ದೊಡನೆ ಹೊಸ ಹುಲ್ಲು ಬರುತ್ತಿತ್ತು. ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯೂ ಹತೋಟಿಯಲ್ಲಿತ್ತು ಎನ್ನುತ್ತಾರೆ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಆ ಬೆಂಕಿ ಅಪರಾಧವಾಯಿತು. ಅನೇಕ ಪೋಡುಗಳನ್ನು ಎತ್ತಿಸಲಾಯಿತು. ಕಾಡು ಕಾಯುವ ಕಾಯ್ದೆ ಮಾಡಿದವರು ಕಾಡಿನಲ್ಲಿದ್ದವರನ್ನು ಒಂದು ಮಾತು ಕೇಳಲಿಲ್ಲ.

ಬೆಂಕಿ ನಿಂತದ್ದೊಂದೇ ಕಾರಣವೆಂದು ನಾವು ವಾದಿಸುವುದಿಲ್ಲ. ಈ ಗಿಡ ಬಿಸಿಲು ಸಿಕ್ಕಿದಲ್ಲೆಲ್ಲ ನುಗ್ಗುತ್ತದೆ. ಮರ ಕಡಿದ ಜಾಗ, ರಸ್ತೆ ತೆಗೆದ ಅಂಚು ಎಲ್ಲವೂ ಅದಕ್ಕೆ ಬೇಕು. ಹಾಗೆಯೇ, ನಾಳೆ ಬೆಳಿಗ್ಗೆ ಹಳೆಯ ಬೆಂಕಿಯನ್ನು ಹಾಕಿಬಿಡಿ ಎನ್ನುವುದೂ ಅವಿವೇಕ. ಆಳೆತ್ತರದ ಒಣ ಪೊದೆ ತುಂಬಿದ ಕಾಡಿನಲ್ಲಿ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಹತ್ತು ಸಾವಿರ ಎಕರೆಗೂ ಹೆಚ್ಚು ಕಾಡು ಸುಟ್ಟಾಗ, ಒಣಗಿದ ಲಂಟಾನವೇ ಬೆಂಕಿಗೆ ಸೌದೆಯಾಯಿತು.

ಆದಕಾರಣ ಮೊದಲು ಗಿಡ ತೆಗೆಯಬೇಕು. ತೆಗೆಯುವ ಕ್ರಮ ತಿಳಿದಿದೆ. ಬುಡವನ್ನು ಮಣ್ಣಿನ ಮಟ್ಟಕ್ಕಿಂತ ಕೆಳಗೆ, ಬೇರಿನಲ್ಲಿ ಕಡಿಯಬೇಕು. ಕಿತ್ತ ಪೊದೆಯನ್ನು ತಲೆಕೆಳಗಾಗಿ ಮಗುಚಿ ಒಣಗಿಸಬೇಕು. ಮುಂದಿನ ಮಳೆಗಾಲಗಳಲ್ಲಿ ಅದೇ ಜಾಗಕ್ಕೆ ಮತ್ತೆ ಮತ್ತೆ ಹೋಗಿ ಹೊಸ ಸಸಿ ಕೀಳಬೇಕು, ಊರ ಹುಲ್ಲು ಎಬ್ಬಿಸಬೇಕು. ಒಂದು ವರ್ಷ ಬಿಲ್ಲು ಬರೆದು ಕೈ ತೊಳೆದುಕೊಳ್ಳುವ ಗುತ್ತಿಗೆದಾರನಿಂದ ಆಗುವ ಕೆಲಸವಲ್ಲ ಇದು. ಅಲ್ಲೇ ಇರುವವರಿಂದ, ನಾಳೆಯೂ ಇರುವವರಿಂದ ಆಗುವ ಕೆಲಸ. ಕಿತ್ತ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮೇಜು ಮಾಡಿ ತೋರಿಸಿದ್ದಾರೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ವ್ಯಾಪಾರಿ ಮಿತ್ರರೇ, ನಿಮ್ಮ ಅಂಗಡಿಯ ಜೇನು, ನೆಲ್ಲಿಕಾಯಿ, ಸೀಗೆಕಾಯಿ, ಕಲ್ಲುಹೂವು ಇಂಥ ಕಾಡುಗಳಿಂದ ಬರುತ್ತವೆ. ಪೊದೆ ತುಂಬಿದ ಕಾಡಿನಲ್ಲಿ ಅವನ್ನು ಆರಿಸಲು ಹೋದವನಿಗೆ ಎದುರಿನ ಆನೆಯೂ ಕಾಣುವುದಿಲ್ಲ. ಗಿರಣಿಯ ಸಂಗಾತಿಗಳೇ, ಯಂತ್ರದ ಸದ್ದು ಕೆಟ್ಟರೆ ಮೊದಲು ತಿಳಿಯುವುದು ಅದರ ಮುಂದೆ ನಿಂತವನಿಗೆ. ಅವನನ್ನು ಕೇಳದೆ ಮೇಲಿನ ಕೋಣೆಯಲ್ಲಿ ಕುಳಿತು ಹುಕುಂ ಹೊರಡಿಸಿದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕೆ? ಕಾಡಿನಲ್ಲಿ ಆದದ್ದೂ ಅದೇ.

2006ರ ಅರಣ್ಯ ಹಕ್ಕು ಕಾಯ್ದೆ ಗ್ರಾಮಸಭೆಗೆ ಕಾಡು ಕಾಯುವ ಅಧಿಕಾರ ಕೊಟ್ಟಿದೆ. ಬಿಳಿಗಿರಿಯ ಸೋಲಿಗರ ಸಮುದಾಯ ಹಕ್ಕಿಗೆ 2011ರಲ್ಲಿ ಮನ್ನಣೆಯೂ ದೊರೆಯಿತು. ಕಾಗದದ ಮೇಲಿನ ಈ ಹಕ್ಕು ಕೆಲಸದಲ್ಲಿ ಕಾಣಬೇಕು. ನಾವು ಕೇಳುವುದು ಮೂರು. ಕಳೆ ಎಲ್ಲಿ, ಹೇಗೆ ತೆಗೆಯಬೇಕೆಂಬುದನ್ನು ಗ್ರಾಮಸಭೆಯ ಜೊತೆ ಕುಳಿತು ನಿರ್ಧರಿಸಲಿ. ಆ ಕೆಲಸದ ಕೂಲಿ ಮಧ್ಯವರ್ತಿಯಿಲ್ಲದೆ ಪೋಡಿನ ಜನಕ್ಕೆ ಸೇರಲಿ. ಕಳೆ ತೆಗೆದ ಜಾಗದಲ್ಲಿ, ಪೋಡಿನ ಹಿರಿಯರನ್ನು ಮುಂದಿಟ್ಟುಕೊಂಡು, ತರಗು ಬೆಂಕಿಯನ್ನು ಎಚ್ಚರದಿಂದ ಪರೀಕ್ಷಿಸಿ ನೋಡಲಿ.

ಇದು ಬೆಟ್ಟದವರ ಬೇಡಿಕೆ ಮಾತ್ರ ಆಗಿ ಉಳಿದರೆ ಕಚೇರಿಯ ಕಪಾಟಿನಲ್ಲಿ ಧೂಳು ತಿನ್ನುತ್ತದೆ. ಊರಿನ ದುಡಿಯುವ ಜನರ ದನಿಯೂ ಸೇರಿದರೆ ಕೇಳಿಸೀತು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಈ ನಿರ್ಣಯವನ್ನು ಮಂಡಿಸಿರೆಂದು ಕೇಳಿ, ನಮ್ಮ ಮಾತು ಮುಗಿಸುತ್ತೇವೆ.