ಓದು ಔಷಧಿಯಲ್ಲ, ಆದರೂ ಓದು ಬೇಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಮಿತಿಯವರು ನನಗೆ ‘ಬದುಕಿಗೆ ನೆರವಾದ ಓದು’ ಎಂಬ ವಿಷಯ ಕೊಟ್ಟಿದ್ದಾರೆ. ಬಿ.ಇ. ಮಾಡಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು ಪರೀಕ್ಷೆ, ಇಂಟರ್‌ವ್ಯೂ, ಸಂಬಳದ ಮಾತಾಡುತ್ತಾನೆ ಎಂದು ನೀವು ಎಣಿಸಿರಬಹುದು. ನಾನು ಬೇರೊಂದು ಮಾತು ಹೇಳಬೇಕೆಂದು ಬಂದಿದ್ದೇನೆ. ಎಂಟು ವರ್ಷಗಳಿಂದ ನನಗೆ ಬೈಪೋಲಾರ್ ಎಂಬ ಮಾನಸಿಕ ಕಾಯಿಲೆ ಇದೆ. ಚಿಕಿತ್ಸೆಯಲ್ಲಿದ್ದೇನೆ, ಕೆಲಸಕ್ಕೂ ಹೋಗುತ್ತಿದ್ದೇನೆ. ಇದನ್ನು ಊರ ಮುಂದೆ ಹೇಳಲು ಅಪ್ಪ ಅಮ್ಮನ ಒಪ್ಪಿಗೆ ಪಡೆದೇ ಬಂದಿದ್ದೇನೆ. ಅವರೂ ಇಲ್ಲೇ ಕುಳಿತಿದ್ದಾರೆ.

ಈ ಕಾಯಿಲೆಗೆ ಎರಡು ತುದಿಗಳಿವೆ. ಒಂದು ಖಿನ್ನತೆ, ಇನ್ನೊಂದು ಉನ್ಮಾದ. ನಮ್ಮೂರ ಕೆರೆಯನ್ನೇ ನೋಡಿ. ಬೇಸಿಗೆಯಲ್ಲಿ ತಳ ಕಾಣುವಷ್ಟು ಒಣಗುತ್ತದೆ, ಮಳೆ ಹೆಚ್ಚಾದ ವರ್ಷ ಕೋಡಿ ಬಿದ್ದು ಗದ್ದೆಗೆ ನುಗ್ಗುತ್ತದೆ. ಕೆರೆ ಮಾತ್ರ ಒಂದೇ. ಮನಸ್ಸೂ ಹಾಗೆ.

ಖಿನ್ನತೆ ಬಂದಾಗ ಓದುವ ಶಕ್ತಿಯೇ ಹೋಗುತ್ತದೆ. ಪುಟದ ಕೊನೆಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತಿರುತ್ತದೆ. ದಪ್ಪ ಪುಸ್ತಕ ಕಂಡರೆ ಭಯ. ಆ ದಿನಗಳಲ್ಲಿ ನನ್ನ ಕೈಗೆ ದಕ್ಕಿದ್ದು ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’. 1943ರಲ್ಲಿ ಮೊದಲು ಅಚ್ಚಾದ ಈ ಪುಸ್ತಕದಲ್ಲಿ 945 ಪದ್ಯಗಳಿವೆ, ಪ್ರತಿ ಪದ್ಯಕ್ಕೂ ನಾಲ್ಕೇ ಸಾಲು. ಹಿಂದಿನದು ನೆನಪಿಲ್ಲದಿದ್ದರೂ ಮುಂದಿನದನ್ನು ಓದಬಹುದು. ದಿನಕ್ಕೊಂದು ಪದ್ಯ ಓದಿದರೆ ‘ಇವತ್ತು ಒಂದು ಕೆಲಸ ಮುಗಿಸಿದೆ’ ಎನ್ನುವ ತೃಪ್ತಿ. ಇನ್ನೊಂದು ಕಾರಣವೂ ಇದೆ. ಕಗ್ಗ ‘ನಗುತ್ತಾ ಇರು, ಎಲ್ಲ ಸರಿಹೋಗುತ್ತದೆ’ ಎಂದು ಬೆನ್ನು ತಟ್ಟಿ ಕಳಿಸುವುದಿಲ್ಲ. ಬದುಕು ತೊಡಕಿನದೇ ಎಂದು ಒಪ್ಪಿಕೊಂಡು ಮಾತಿಗೆ ಕೂರುತ್ತದೆ. ನೊಂದವನಿಗೆ ಅಂಥ ಮಾತು ಹಿಡಿಸುತ್ತದೆ.

ಓದಲು ಆಗದೇ ಇದ್ದಾಗ ಅಮ್ಮ ಓದಿ ಹೇಳಿದರು. ಸ್ವಾಮಿ ಜಗದಾತ್ಮಾನಂದರ ‘ಬದುಕಲು ಕಲಿಯಿರಿ’ ನಿಮ್ಮಲ್ಲಿ ಹಲವರ ಮನೆಯಲ್ಲಿರಬಹುದು. ಅದರಲ್ಲಿ ಚಿಕ್ಕ ಚಿಕ್ಕ ಪ್ರಸಂಗಗಳು ಹೇರಳವಾಗಿವೆ, ಯಾವ ಪುಟ ತೆರೆದರೂ ನಡೆಯುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಅಮ್ಮ ಅಕ್ಷರ ಕೂಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದರು. ಆ ಪ್ರಸಂಗಗಳಲ್ಲಿ ಎಷ್ಟೋ ನನಗೆ ನೆನಪಿಲ್ಲ, ಅಮ್ಮನ ದನಿ ನೆನಪಿದೆ. ಮನೆಯಲ್ಲಿ ಯಾರಾದರೂ ಹೀಗೆ ಮಂಕಾಗಿ ಕುಳಿತಿದ್ದರೆ ಬುದ್ಧಿ ಹೇಳುವುದಕ್ಕಿಂತ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿ.

ಸ್ವಲ್ಪ ಚೇತರಿಸಿಕೊಂಡ ಮೇಲೆ ವಿಕ್ಟರ್ ಫ್ರಾಂಕಲ್ ಅವರ ಪುಸ್ತಕ ಓದಿದೆ. ವಿಯೆನ್ನಾದ ಮನೋವೈದ್ಯರಾದ ಅವರು ನಾಜಿಗಳ ಸೆರೆಶಿಬಿರಗಳಲ್ಲಿ ನರಕ ಕಂಡು ಬದುಕಿ ಬಂದವರು. ಆ ಅನುಭವವನ್ನು ಬರೆದ ಪುಸ್ತಕ 1946ರಲ್ಲಿ ಪ್ರಕಟವಾಯಿತು. ತಪ್ಪಿಸಲಾಗದ ನೋವಿನಲ್ಲೂ ಮನುಷ್ಯ ಅರ್ಥ ಕಂಡುಕೊಳ್ಳಬಲ್ಲ ಎನ್ನುತ್ತಾರೆ ಅವರು. ಜೊತೆಗೆ, ತಪ್ಪಿಸಬಹುದಾದ ನೋವನ್ನು ಸುಮ್ಮನೆ ಸಹಿಸುವುದರಲ್ಲಿ ಯಾವ ಹಿರಿಮೆಯೂ ಇಲ್ಲ, ಅದರ ಕಾರಣವನ್ನೇ ನಿವಾರಿಸಬೇಕು ಎಂಬುದೂ ಅವರ ಮಾತೇ. ಸ್ಫೂರ್ತಿಯ ಮಾತು ಹೇಳುವ ನಾವು ಈ ಎರಡನೆಯದನ್ನು ಮರೆಯುತ್ತೇವೆ.

ಮರೆತರೆ ಏನಾಗುತ್ತದೆ? ‘ಮನಸ್ಸು ಮಾಡಿದರೆ ಎಲ್ಲವೂ ಸಾಧ್ಯ’ ಎನ್ನುವ ಪುಸ್ತಕ ಖಿನ್ನತೆಯಲ್ಲಿರುವವನ ಕೈಗೆ ಸಿಕ್ಕರೆ ‘ಹಾಗಾದರೆ ನನ್ನ ಮನಸ್ಸೇ ಕೆಟ್ಟದ್ದು’ ಎಂದು ಅವನಿಗೆ ತೋರುತ್ತದೆ. ಉನ್ಮಾದದಲ್ಲಿರುವವನ ಕೈಗೆ ಸಿಕ್ಕರೆ ಉರಿಯುವ ಬೆಂಕಿಗೆ ತುಪ್ಪ. ನಿದ್ದೆ ಮೂರು ಗಂಟೆಗೆ ಇಳಿದಿರುತ್ತದೆ, ಪ್ರತಿ ಸಾಲೂ ತನಗೇ ಬರೆದಂತೆ ಕಾಣುತ್ತದೆ, ಬೆಳಗಾಗುವುದರೊಳಗೆ ಲೋಕ ಗೆಲ್ಲುವ ಯೋಜನೆ ತಯಾರು. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಸತತ ಎರಡು ರಾತ್ರಿ ನನ್ನ ನಿದ್ದೆ ಕಡಿಮೆಯಾದರೆ ಪುಸ್ತಕ ಬೀರುವಿಗೆ, ಫೋನು ಡಾಕ್ಟರಿಗೆ.

ನನ್ನನ್ನು ನೆಲಕ್ಕೆ ತಂದು ನಿಲ್ಲಿಸಿದ್ದು ಲಿಥಿಯಂ ಎಂಬ ಔಷಧಿ. ಅದೊಂದು ಬಗೆಯ ಲವಣ. ಉನ್ಮಾದಕ್ಕೆ ಅದು ಉಪಯೋಗವಾಗುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ 1949ರಲ್ಲಿ ಪ್ರಕಟಿಸಿದರು. ರಕ್ತದಲ್ಲಿ ಅದರ ಪ್ರಮಾಣ ಹೆಚ್ಚಾಗಬಾರದು, ಕಡಿಮೆಯೂ ಆಗಬಾರದು. ಆದ್ದರಿಂದ ಆಗಾಗ ರಕ್ತಪರೀಕ್ಷೆ ಆಗಬೇಕು, ಮೂತ್ರಪಿಂಡ, ಥೈರಾಯ್ಡ್‌ಗಳನ್ನೂ ನೋಡಿಸುತ್ತಿರಬೇಕು. ಈ ಕೆಲಸವನ್ನು ಯಾವ ಪುಸ್ತಕವೂ ಮಾಡಲಾರದು. ಆದರೆ ಮಾತ್ರೆ ನನಗೆ ನಿದ್ದೆ ಕೊಟ್ಟಿತೇ ಹೊರತು, ಬೆಳಗ್ಗೆ ಯಾತಕ್ಕಾಗಿ ಏಳಬೇಕು ಎಂದು ಹೇಳಲಿಲ್ಲ. ಅದನ್ನು ಹೇಳಿದ್ದು ಓದು, ಮನೆಯವರು, ಗೆಳೆಯರು.

ಈ ಓದಿನ ಬೇರು ಈ ಶಾಲೆಯಲ್ಲಿದೆ. ಪ್ರಾರ್ಥನೆ ಮುಗಿದ ಮೇಲೆ ಸರದಿಯಂತೆ ಒಬ್ಬೊಬ್ಬರು ಸುಭಾಷಿತ ಹೇಳಬೇಕಿತ್ತು. ಕನ್ನಡ ಮೇಷ್ಟ್ರು ಪದ್ಯ ಬಾಯಿಪಾಠ ಮಾಡಿಸದೆ ಬಿಡುತ್ತಿರಲಿಲ್ಲ. ಅಂಕಕ್ಕಾಗಿ ಕಲಿತೆವು ಅಂದುಕೊಂಡಿದ್ದೆವು. ಹದಿನೈದು ವರ್ಷ ಕಳೆದ ಮೇಲೆ, ಆಸ್ಪತ್ರೆಯ ಹಾಸಿಗೆಯಲ್ಲಿ ಕನ್ನಡಕವೂ ಪುಸ್ತಕವೂ ಇಲ್ಲದ ರಾತ್ರಿ, ಆ ಪದ್ಯಗಳು ತಾವಾಗಿ ನಾಲಿಗೆಗೆ ಬಂದವು. ಗುರುಗಳೇ, ಬಾಯಿಪಾಠ ಹಳೆಯ ಪದ್ಧತಿ ಎಂದು ಯಾರಾದರೂ ಹೇಳಿದರೆ ನನ್ನ ಹೆಸರು ಹೇಳಿ.

ಊರಿನವರಲ್ಲಿ ಒಂದು ಮನವಿ. ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಸುಮಾರು ಹತ್ತು ಮಂದಿಗೆ ಒಬ್ಬರು ಒಂದಲ್ಲ ಒಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದಾರೆ, ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆದಿಲ್ಲ. ಈ ಪೆಂಡಾಲಿನಲ್ಲೂ ಅಂಥವರು ಇದ್ದೇ ಇರುತ್ತಾರೆ. ಹರಕೆ ಹೊರಬೇಡಿ ಎನ್ನುವುದಿಲ್ಲ, ನನ್ನ ಅಮ್ಮನೂ ಹೊತ್ತಿದ್ದಾರೆ. ಹರಕೆಯ ಜೊತೆಗೆ ಡಾಕ್ಟರೂ ಇರಲಿ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ಮಂಗಳವಾರ ಬರುತ್ತಾರೆ, ವಿಚಾರಿಸಿ ಹೋಗಿ. 2022ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನು ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕೇ ಬೇಡ ಎನಿಸಿದ ಹೊತ್ತಿನಲ್ಲಂತೂ ಒಬ್ಬರೇ ಇರಬೇಡಿ, ಕೂಡಲೇ ಹತ್ತಿರದವರಿಗೆ ಹೇಳಿ.

ತಮ್ಮ ತಂಗಿಯರೇ, ತರಗತಿಯಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ಮೂಲೆ ಸೇರಿದರೆ ‘ಹುಚ್ಚ’, ‘ಹುಚ್ಚಿ’ ಎಂದು ಕರೆಯಬೇಡಿ. ಬುತ್ತಿ ಬಿಚ್ಚುವಾಗ ಪಕ್ಕದಲ್ಲಿ ಕೂರಿಸಿಕೊಳ್ಳಿ, ಮೇಷ್ಟ್ರಿಗೋ ಮಿಸ್‌ಗೋ ತಿಳಿಸಿ.

ಶಾಲೆಯ ಗ್ರಂಥಾಲಯಕ್ಕೆ ಇಂದು ಒಂದಿಷ್ಟು ಪುಸ್ತಕ ತಂದಿದ್ದೇನೆ. ಕಗ್ಗ ಇದೆ, ‘ಬದುಕಲು ಕಲಿಯಿರಿ’ ಇದೆ, ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯದ ಬಗ್ಗೆ ಸರಳ ಕನ್ನಡದಲ್ಲಿ ಬರೆದ ಕೆಲವು ಪುಸ್ತಕಗಳಿವೆ. ಪ್ರತಿಯೊಂದರ ಒಳರಟ್ಟಿನಲ್ಲೂ 14416 ಎಂದು ಬರೆದ ಚೀಟಿ ಅಂಟಿಸಿದ್ದೇನೆ. ಬೀರುವಿಗೆ ಬೀಗ ಹಾಕದೆ ಮಕ್ಕಳ ಕೈಗೆ ಸಿಗುವಂತೆ ಇಡಬೇಕೆಂದು ಮುಖ್ಯೋಪಾಧ್ಯಾಯರಲ್ಲಿ ವಿನಂತಿ. ಪುಟ ಹರಿದರೆ ಚಿಂತೆಯಿಲ್ಲ, ಮುಂದಿನ ವರ್ಷ ಮತ್ತೆ ತಂದುಕೊಡುತ್ತೇನೆ.