ಎಲೆಯ ಬೆಳಕು, ಬಾವಿಯ ನೀರು

(ಶಿವಮೊಗ್ಗದಲ್ಲಿ ಮಲೆನಾಡಿನ ರೈತರು ಹಾಗೂ ವಿದ್ಯಾರ್ಥಿಗಳಿಗಾಗಿ ನೀಡಿದ ಉಪನ್ಯಾಸದ ಬರಹರೂಪ)



ಅಡಿಕೆ ರೋಗದ ಬಗ್ಗೆ ಮಾತನಾಡಬೇಕಾದ ಕೃಷಿ ವಿಜ್ಞಾನಿ ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ವಿಷಯ ಎತ್ತಿಕೊಂಡದ್ದೇಕೆ ಎಂದು ನಿಮಗೆ ಅನ್ನಿಸಬಹುದು. ಎರಡಕ್ಕೂ ಸಂಬಂಧವಿದೆ.

ನಮ್ಮ ಕಣ್ಣಿಗೆ ಕೆಂಪು ಬಣ್ಣವೇ ಬೆಳಕಿನ ಒಂದು ಗಡಿ. ಅದರಾಚೆಗಿನ ಅವಗೆಂಪು ಕಿರಣಗಳು ನಮಗೆ ಕಾಣುವುದಿಲ್ಲ. ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಅವಗೆಂಪನ್ನು ಮಾತ್ರ ಬಿಟ್ಟುಬಿಡುತ್ತದೆ. ಹಾಗೆ ಒಳಹೊಕ್ಕ ಕಿರಣಗಳು ಜೀವಕೋಶಗಳ ಮತ್ತು ಅವುಗಳ ನಡುವಿನ ಗಾಳಿಯ ಸಂದುಗಳಲ್ಲಿ ಚದುರಿ ಹೊರಬರುತ್ತವೆ. ಆದುದರಿಂದಲೇ ಅವಗೆಂಪು ಫಿಲ್ಮಿನಲ್ಲಿ ತೋಟವು ಹಿಮ ಬಿದ್ದಂತೆ ಬೆಳ್ಳಗೆ, ನದಿಯೂ ಆಕಾಶವೂ ಕಪ್ಪಗೆ ಕಾಣುತ್ತವೆ. ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್ ಇಂತಹ ಚಿತ್ರಗಳನ್ನು 1910ರಲ್ಲಿಯೇ ಪ್ರಕಟಿಸಿದ್ದರು.

ಇದು ಕೇವಲ ಸೋಜಿಗವಲ್ಲ. 1970ರಲ್ಲಿ ಪ್ರೊ. ಪಿ. ಆರ್. ಪಿಶಾರಟಿಯವರ ನೇತೃತ್ವದಲ್ಲಿ ಕೇರಳದ ತೆಂಗಿನ ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಹಾರಿ, ವರ್ಣ ಅವಗೆಂಪು ಫಿಲ್ಮಿನಿಂದ ಬೇರು ಸೊರಗು ರೋಗದ ಮರಗಳನ್ನು ಗುರುತಿಸುವ ಪ್ರಯೋಗ ನಡೆಯಿತು. ಭಾರತದ ದೂರಸಂವೇದನೆಯ ಇತಿಹಾಸ ಆರಂಭವಾಗುವುದು ಆ ತೆಂಗಿನ ಗರಿಗಳಿಂದ. ಇಂದು ಉಪಗ್ರಹಗಳು ಮಾಡುವ ಬೆಳೆ ಸಮೀಕ್ಷೆಗೂ ಇದೇ ತತ್ತ್ವ ಆಧಾರ.

ಆದರೆ ಒಂದು ಎಚ್ಚರಿಕೆ ಅಗತ್ಯ. ಹಳದಿಯಾದ ಎಲೆಯೂ ಈ ಚಿತ್ರದಲ್ಲಿ ಬೆಳ್ಳಗೇ ಕಾಣಬಹುದು. ಏಕೆಂದರೆ ಪತ್ರಹರಿತ್ತು ಮೊದಲು ನಶಿಸಿ, ಒಳರಚನೆ ಕೆಲಕಾಲ ಉಳಿದಿರುತ್ತದೆ. ಫಿಲ್ಮ್ ರೋಗದ ಹೆಸರನ್ನು ಹೇಳುವುದಿಲ್ಲ, ಯಾವ ಮರದ ಬಳಿಗೆ ಹೋಗಿ ನೋಡಬೇಕೆಂಬ ಸುಳಿವನ್ನಷ್ಟೇ ಕೊಡುತ್ತದೆ. ಒಂದೇ ಮರವನ್ನು, ಒಂದೇ ಜಾಗದಿಂದ, ಒಂದೇ ಹೊತ್ತಿನಲ್ಲಿ ತಿಂಗಳಿಗೊಮ್ಮೆ ತೆಗೆದಾಗ ಮಾತ್ರ ಆ ಸುಳಿವಿಗೆ ಅರ್ಥ.

ಕೊಡಕ್ ಸಂಸ್ಥೆ ತನ್ನ ಪ್ರಸಿದ್ಧ ಅವಗೆಂಪು ಫಿಲ್ಮನ್ನು 2007ರಲ್ಲಿ ನಿಲ್ಲಿಸಿತು. ಊಟಿಯಲ್ಲಿ 'ಇಂದು' ಹೆಸರಿನ ಫಿಲ್ಮ್ ತಯಾರಿಸುತ್ತಿದ್ದ ನಮ್ಮದೇ ಸರ್ಕಾರಿ ಕಾರ್ಖಾನೆಯೂ ಮುಚ್ಚಿದೆ. ಕೆಂಪಿನಾಚೆಗೆ ತುಸು ದೂರ ಕಾಣಬಲ್ಲ ಇಲ್ಫೋರ್ಡ್, ರೋಲೈ ಫಿಲ್ಮುಗಳು ಉಳಿದಿವೆ. ನನ್ನ ಮೊದಲ ರೋಲನ್ನು ನಗರದ ಸ್ಟುಡಿಯೋ ಒಂದಕ್ಕೆ ಕೊಟ್ಟಿದ್ದೆ. ಎಲ್ಲವೂ ಕಪ್ಪಾಗಿ ಮರಳಿ ಬಂತು. ಅಂದಿನಿಂದ ಮನೆಯಲ್ಲಿಯೇ ತೊಳೆಯುವುದು ರೂಢಿಯಾಯಿತು.

ಕೆಲಸ ಕಷ್ಟದ್ದಲ್ಲ, ಶಿಸ್ತಿನದು. ಸಾಮಾನ್ಯ ಕತ್ತಲಕೋಣೆಯ ಕೆಂಪು ದೀಪ ಇಲ್ಲಿ ಸಲ್ಲದು. ಫಿಲ್ಮ್ ನೋಡುವುದೇ ಆ ಕೆಂಪನ್ನು. ಕಿಟಕಿಗೆ ಕಂಬಳಿ ಮುಚ್ಚಿ, ಪೂರ್ಣ ಕತ್ತಲೆಯಲ್ಲಿ ಕೈಯ ಸ್ಪರ್ಶದಿಂದಲೇ ಫಿಲ್ಮನ್ನು ಸುರುಳಿಗೆ ಏರಿಸಿ ಡಬ್ಬಿಯ ಮುಚ್ಚಳ ಹಾಕಬೇಕು. ಡೆವಲಪರ್ ದ್ರಾವಣ 20 ಡಿಗ್ರಿ ಸೆಲ್ಸಿಯಸ್ ಇರಬೇಕು. ನಮ್ಮ ಬೇಸಿಗೆಯ ನೀರು ಅದಕ್ಕಿಂತ ಬಹಳ ಬೆಚ್ಚಗಿರುವುದರಿಂದ, ಬಾಟಲಿಯನ್ನು ಮಂಜುಗಡ್ಡೆಯ ಬೋಗುಣಿಯಲ್ಲಿ ಇಟ್ಟು ತಣಿಸಬೇಕು. ಆಮೇಲೆ ನೀರಿನ ಜಾಲಾಟ, ಅನಂತರ ಫಿಕ್ಸರ್, ಅಂದರೆ ಹೈಪೊ. ಕೊನೆಯ ತೊಳೆತಕ್ಕೆ ಅರ್ಧ ಗಂಟೆ ನಲ್ಲಿ ಬಿಡಬೇಕಿಲ್ಲ. ಡಬ್ಬಿಗೆ ನೀರು ತುಂಬಿ 5 ಬಾರಿ ಮಗುಚಿ ಚೆಲ್ಲಿ, ಹೊಸ ನೀರಿನಲ್ಲಿ 10 ಬಾರಿ, ಮತ್ತೊಮ್ಮೆ 20 ಬಾರಿ ಮಗುಚಿದರೆ ಸಾಕು.

ಮೊದಲ ದಿನ ನೆಗೆಟಿವ್ ಒಣಗಲು ಹಾಕಿ, ಬಳಸಿದ ಹೈಪೊವನ್ನು ಬಚ್ಚಲ ಹಿಂದಿನ ಬಾಳೆಗುಂಡಿಗೆ ಸುರಿದೆ. ಬಾವಿ ಅಲ್ಲಿಂದ ಹತ್ತು ಹೆಜ್ಜೆ. ಅಮ್ಮ ಜಗಲಿಯಿಂದ ಕೇಳಿದರು: "ಆ ನೀರು ಎಲ್ಲಿಗೆ ಹೋಯ್ತೋ?" ಡಾಕ್ಟರೇಟ್ ಪಡೆದ ನನ್ನಲ್ಲಿ ಉತ್ತರವಿರಲಿಲ್ಲ.

ಫಿಲ್ಮಿನಿಂದ ಕರಗಿದ ಬೆಳ್ಳಿ ಹೈಪೊದಲ್ಲಿರುತ್ತದೆ. ಡೆವಲಪರಿನ ಹೈಡ್ರೋಕ್ವಿನೋನ್ ಜಲಚರಗಳಿಗೆ ವಿಷ. ಒಬ್ಬನ ಒಂದು ಲೋಟದಿಂದ ನದಿ ಸಾಯದು, ನಿಜ. ಆದರೆ 'ನನ್ನದು ಒಂದು ಲೋಟ ಮಾತ್ರ' ಎಂಬ ಮಾತನ್ನು ಇತರರ ಬಾಯಲ್ಲಿ ಕೇಳಿದಾಗ ನಾವು ಒಪ್ಪುತ್ತೇವೆಯೇ? ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆಯ ಕುಲುಮೆ ಹೊತ್ತಿದಾಗ ಅದಕ್ಕೆ ಇದ್ದಿಲಾದದ್ದು ಮಲೆನಾಡಿನ ಮರಗಳು. ಕಾಡಿನ, ಹೊಳೆಯ ಲೆಕ್ಕವನ್ನು ಕಾರ್ಖಾನೆಗಳಿಂದ ಕೇಳುವ ನಾವು ನಮ್ಮ ಬಚ್ಚಲಿನ ಲೆಕ್ಕವನ್ನೂ ಇಡಬೇಕು.

ಉಪಾಯವೂ ಕಬ್ಬಿಣದಲ್ಲಿಯೇ ಇದೆ. ಬಳಸಿದ ಹೈಪೊವನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೂಡಿಟ್ಟು, ತುಕ್ಕು ಹಿಡಿಯುವಂತಹ ಕಬ್ಬಿಣದ ನಾರನ್ನು ಅದರಲ್ಲಿ ಮುಳುಗಿಸಿದರೆ ಕಬ್ಬಿಣ ಕರಗುತ್ತದೆ, ಬೆಳ್ಳಿ ಕಪ್ಪು ಕೆಸರಾಗಿ ಕೂರುತ್ತದೆ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ನಾರು ಇದಕ್ಕೆ ಬಾರದು. ಉಳಿದ ದ್ರವದಲ್ಲಿಯೂ ಅಲ್ಪಸ್ವಲ್ಪ ಬೆಳ್ಳಿ ಇರುವುದರಿಂದ ಅದನ್ನೂ ತೋಡಿಗೆ ಚೆಲ್ಲಬಾರದು. ಪ್ರತಿಯೊಬ್ಬರೂ ಬೇರೆಬೇರೆಯಾಗಿ ಮಾಡುವುದಕ್ಕಿಂತ, ಶಾಲೆಗೊಂದು ಕ್ಯಾನ್ ಇಟ್ಟು, ತುಂಬಿದ ಮೇಲೆ ಪರವಾನಗಿ ಪಡೆದ ಮರುಬಳಕೆದಾರರಿಗೆ ಒಪ್ಪಿಸುವುದು ಲೇಸು. ಕ್ಯಾನ್ ಇಡಲಾಗದಿದ್ದರೆ ಫಿಲ್ಮ್ ತೊಳೆಯುವುದೇ ಬೇಡ.

ಶಿವಮೊಗ್ಗದ ತುಂಗೆ, ಭದ್ರಾವತಿಯ ಭದ್ರೆ ಎರಡೂ ಕೂಡಲಿಯಲ್ಲಿ ಸೇರುತ್ತವೆ. ನಾವು ಬೇರೆಬೇರೆ ಊರುಗಳಲ್ಲಿ ಚೆಲ್ಲಿದ್ದೂ ಅಲ್ಲಿಯೇ ಸೇರುತ್ತದೆ. ಎಲೆಯ ಆರೋಗ್ಯ ನೋಡಲು ಹೊರಟವರು ಬೇರಿನ ನೀರನ್ನು ಕೆಡಿಸಬಾರದು. ಅಮ್ಮನ ಪ್ರಶ್ನೆಗೆ ಈಗ ನನ್ನಲ್ಲಿ ಉತ್ತರವಿದೆ: ನೀರು ಎಲ್ಲಿಗೂ ಹೋಗಿಲ್ಲ, ಕ್ಯಾನಿನಲ್ಲಿದೆ.