ಡಿಗ್ರಿ ಮುಗಿಯುವ ತನಕ ಕಾಯಬೇಕೆ?

(ಸಂಘದ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಪಾಳಿ ಮುಗಿಸಿ ದಣಿದು ಬಂದಿದ್ದೀರಿ. ಉದ್ದ ಮಾತು ಬೇಡ. ಹಲ್ಲಿನ ಡಾಕ್ಟರಾಗಬೇಕೆಂಬ ಹಂಬಲವುಳ್ಳ ಮಕ್ಕಳು ನಮ್ಮಲ್ಲಿದ್ದಾರೆ. ಹನ್ನೆರಡನೆಯದು ಮುಗಿದಾಗ ಸೀಟು ಸಿಗದೆ ಬಿ.ಎಸ್‌ಸಿ. ಸೇರಿದವರು. ಅವರಿಗೆ ನಾವು ಮನೆಯಲ್ಲಿ ಹೇಳುವುದೇನು? “ಮೊದಲು ಡಿಗ್ರಿ ಮುಗಿಸು, ಆಮೇಲೆ ನೋಡೋಣ.” ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತೇವೆ, ನಿಜ. ಆದರೆ ನಿಯಮ ಹಾಗೆ ಹೇಳುವುದಿಲ್ಲ.

ಬಿ.ಡಿ.ಎಸ್. ಸೇರಲು ನಮ್ಮ ದೇಶದಲ್ಲಿ ಡಿಗ್ರಿ ಬೇಡ. ಹನ್ನೆರಡನೆಯದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಇರಬೇಕು. ನೀಟ್ ಪರೀಕ್ಷೆಯಲ್ಲಿ ಅರ್ಹತೆ ಸಿಗಬೇಕು. ಬಿ.ಎಸ್‌ಸಿ. ಅಂಕಗಳನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಅಮೆರಿಕದ ರೀತಿ ಬೇರೆ: ಅಲ್ಲಿ ಹೆಚ್ಚಿನವರು ನಾಲ್ಕು ವರ್ಷದ ಡಿಗ್ರಿ ಪಡೆದೇ ದಂತವೈದ್ಯ ಕಾಲೇಜು ಸೇರುತ್ತಾರೆ, ಅರ್ಜಿಯನ್ನು ಮಾತ್ರ ಡಿಗ್ರಿ ಕೈಸೇರುವ ಮೊದಲೇ ಹಾಕುತ್ತಾರೆ. ಅಲ್ಲಿನ ನೆಂಟರ ಮಾತು ಕೇಳಿ ಇಲ್ಲಿ ಕಾಯುವುದು ಬೇಡ.

ಬಿ.ಡಿ.ಎಸ್.ಗೆ ಇಂಟರ್ನ್‌ಶಿಪ್ ಸೇರಿ 5 ವರ್ಷ. ಮೊದಲು ಮೂರು ವರ್ಷದ ಡಿಗ್ರಿ ಮುಗಿಸುತ್ತ ಕುಳಿತರೆ ಒಟ್ಟು 8. ಅಷ್ಟು ಕಾಲ ಅಪ್ಪ ಗಲ್ಲಾದ ಮುಂದೆ, ಒಲೆಯ ಮುಂದೆ ನಿಂತೇ ಇರಬೇಕಲ್ಲ!

ಹಾಗೆಂದು ಇಂದೇ ಬಿ.ಎಸ್‌ಸಿ. ಬಿಡಿಸಬೇಡಿ. ಓದುತ್ತಲೇ ನೀಟ್ ಬರೆಯಲಿ. ಸೀಟು ಖಚಿತವಾದ ಮೇಲೆ ಬಿಡಲಿ. ಮೂಲ ಪ್ರಮಾಣಪತ್ರಗಳನ್ನು ಕಾಲೇಜು ತನ್ನಲ್ಲೇ ಇಟ್ಟುಕೊಳ್ಳಬಾರದೆಂದು ಯು.ಜಿ.ಸಿ. 2018ರಲ್ಲಿ ಹೇಳಿದೆ. ಕೊಡದಿದ್ದರೆ ಹೆದರದೆ ಕೇಳಿರಿ.

ನಮ್ಮಂಥ ಹೊರನಾಡಿನವರಿಗೆ ತೊಡಕು ಇನ್ನೊಂದು ಕಡೆಯಿದೆ. ಮಗುವನ್ನು ಊರಿನಲ್ಲಿ ಅಜ್ಜಿಯ ಹತ್ತಿರ ಬಿಟ್ಟು, ಹತ್ತನೆಯದು ಮುಗಿದ ಮೇಲೆ ಮುಂಬಯಿಗೆ ಕರೆತರುವುದು ನಮ್ಮಲ್ಲಿ ರೂಢಿ. ಆದರೆ ಮಹಾರಾಷ್ಟ್ರದ ಪಾಲಿನ ಸೀಟಿಗೆ ಹತ್ತನೆಯದೂ ಹನ್ನೆರಡನೆಯದೂ ಈ ರಾಜ್ಯದಲ್ಲೇ ಆಗಿರಬೇಕು. ಡೊಮಿಸೈಲ್ ಪತ್ರವೂ ಬೇಕು. ಇಲ್ಲದವರಿಗೆ ಸರಕಾರಿ ಕಾಲೇಜುಗಳ ಅಖಿಲ ಭಾರತ ಪಾಲಿನ ಶೇಕಡಾ 15 ಸೀಟುಗಳಿವೆ, ಪೈಪೋಟಿ ಬಹಳ. ಆದ್ದರಿಂದ ಈ ವಿಷಯ ಎಂಟನೆಯದರಲ್ಲೇ ಯೋಚಿಸತಕ್ಕದ್ದು. ಕನ್ನಡದಲ್ಲಿ ನೀಟ್ ಪ್ರಶ್ನೆಪತ್ರಿಕೆ ಉಂಟು, ಆದರೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ.

ಖಾಸಗಿ ಕಾಲೇಜಿನ ಫೀಜು ಲಕ್ಷಗಟ್ಟಲೆ. ಮುಂಬಯಿಯಲ್ಲಿ ನಾಯರ್ ಆಸ್ಪತ್ರೆಯ ದಂತ ಕಾಲೇಜು ನಗರಪಾಲಿಕೆಯದು. ಸರಕಾರಿ ದಂತ ಕಾಲೇಜೂ ಒಂದಿದೆ. ಸೀಟಿನ ಪಟ್ಟಿ ತುಂಬುವಾಗ ಇವುಗಳ ಹೆಸರು ಮೇಲೆ ಬರಲಿ.

ಅರ್ಜಿ ತುಂಬಲು ತಿಳಿಯದಿದ್ದರೆ ಅಂಕಪಟ್ಟಿಗಳೊಡನೆ ಮಗನನ್ನೋ ಮಗಳನ್ನೋ ಸಂಘದ ಕೋಣೆಗೆ ಕಳುಹಿಸಿರಿ. ನಾವು ಕುಳಿತು ತುಂಬಿಸುತ್ತೇವೆ.